ನಾಯಂಡಹಳ್ಳಿಯಲ್ಲಿ ಕಡಲ ಹಲಗೆ

ನಮ್ಮ ಶೆಡ್ಡಿಗೆ ಮೊದಲ ಸರ್ಫ್‌ಬೋರ್ಡ್ ಬಂದದ್ದು ಆಟೋದಲ್ಲಿ. ಅರ್ಧ ಒಳಗೆ, ಅರ್ಧ ಹೊರಗೆ. ಹೊರಗಿದ್ದ ತುದಿಗೆ ಕೆಂಪು ಕರ್ಚೀಫು ಕಟ್ಟಿತ್ತು, ಕಬ್ಬಿಣದ ಸರಳು ಹೇರಿದ ಗಾಡಿಗೆ ಕಟ್ಟುತ್ತಾರಲ್ಲ, ಹಾಗೆ. ಮೈಸೂರು ರಸ್ತೆಯ ಧೂಳಿನಲ್ಲಿ, ಗ್ಯಾರೇಜುಗಳ ನಡುವೆ, ಹಳದಿಗೆ ತಿರುಗಿದ ಆ ಉದ್ದನೆಯ ವಸ್ತುವನ್ನು ಒಬ್ಬ ಹುಡುಗಿ ಇಳಿಸಿ ನಮ್ಮ ಗೋಡೆಗೆ ಒರಗಿಸಿದಳು. ಪಕ್ಕದ ವೆಲ್ಡಿಂಗ್ ಅಂಗಡಿಯವನು ಕಪ್ಪು ಕನ್ನಡಕವನ್ನು ಹಣೆಗೇರಿಸಿ, "ಏನ್ ಆಂಟಿ, ಇಸ್ತ್ರಿ ಟೇಬಲ್ಲಾ?" ಎಂದ.

"ಅಲ್ಲಪ್ಪ. ಸಮುದ್ರದ ಮೇಲೆ ನಿಂತ್ಕೊಳ್ಳೋ ಹಲಗೆಯಂತೆ," ಎಂದೆ. ನನಗೂ ಅದು ಗೊತ್ತಾಗಿ ಎರಡು ನಿಮಿಷವಾಗಿತ್ತಷ್ಟೇ.

"ಸಮುದ್ರ ಎಲ್ಲಿದೆ ಇಲ್ಲಿ?"

ಬೆಂಗಳೂರಿಗೆ ಸಮುದ್ರವಿಲ್ಲ. ಆ ವರ್ಷ ಈ ಮಾತನ್ನು ನನಗೆ ಎಷ್ಟು ಜನ ಹೇಳಿದರೆಂದರೆ, ಇದ್ದ ಸಮುದ್ರವನ್ನು ನಾನೇ ಎಲ್ಲೋ ಬಚ್ಚಿಟ್ಟಿದ್ದೇನೋ ಎನಿಸಿಬಿಟ್ಟಿತ್ತು.

ಶೆಡ್ಡು ನನ್ನ ಗಂಡನದು. ಫೈಬರ್‌ಗ್ಲಾಸ್ ಕೆಲಸ. ಗಾಜಿನ ನಾರಿನ ಚಾಪೆಯ ಮೇಲೆ ರೆಜಿನ್ ಎನ್ನುವ ಅಂಟು ಬಳಿದು, ಅಚ್ಚಿನಲ್ಲಿ ಒಣಗಿಸಿ, ಬಾತ್‌ಟಬ್ಬು, ನೀರಿನ ಟ್ಯಾಂಕು, ಬಸ್ಸಿನ ಸೀಟು ಮಾಡುತ್ತಿದ್ದರು. ವಿಜಯನಗರದ ಪಾರ್ಕುಗಳಲ್ಲಿ ಬಾಯಿ ತೆರೆದು ನಿಂತಿರುತ್ತಿದ್ದ ಪೆಂಗ್ವಿನ್ ಕಸದಬುಟ್ಟಿಗಳಲ್ಲಿ ಒಂದಷ್ಟು ನಮ್ಮವೇ. ಮೂವತ್ತು ವರ್ಷ ನಾನು ಆ ಶೆಡ್ಡಿನ ಇಂಗ್ಲಿಷ್ ಆಗಿದ್ದೆ. ಚಂದ್ರಾ ಲೇಔಟಿನ ಮನೆಯ ಡೈನಿಂಗ್ ಟೇಬಲ್ಲಿನ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು, "ಡಿಯರ್ ಸರ್, ವಿತ್ ರೆಫರೆನ್ಸ್ ಟು ಯುವರ್ ಎಸ್ಟೀಮ್ಡ್ ಎನ್‌ಕ್ವೈರಿ" ಎಂದು ಕುಟ್ಟುತ್ತಿದ್ದೆ. ಬಾತ್‌ಟಬ್ಬಿನ ಬಗ್ಗೆ ಅಷ್ಟು ಚೆಂದದ ಇಂಗ್ಲಿಷ್ ಯಾರೂ ಬರೆದಿರಲಾರರು. ಕಾನ್ವೆಂಟಿನ ಸಿಸ್ಟರ್‌ಗಳು ಓದಿದ್ದರೆ ಹೆಮ್ಮೆ ಪಡುತ್ತಿದ್ದರೋ, ಅಳುತ್ತಿದ್ದರೋ. ಆದರೆ ಶೆಡ್ಡಿನ ಒಳಗೆ ನನಗೆ ಪ್ರವೇಶವಿರಲಿಲ್ಲ. "ಆ ವಾಸನೆ ಹೆಂಗಸರಿಗಲ್ಲ," ಎನ್ನುತ್ತಿದ್ದರು ಅವರು. ಕೆಟ್ಟವರಲ್ಲ. ಹಾಗೆ ಹೇಳುವುದು ಪ್ರೀತಿ ಎಂದು ಅವರೂ ನಂಬಿದ್ದರು, ನಾನೂ ನಂಬಿದ್ದೆ.

ಅವರು ದೀಪಾವಳಿ ಕಳೆದ ವಾರದಲ್ಲಿ ತೀರಿಕೊಂಡರು. ನನಗಾಗ ಅರವತ್ತಮೂರು. ನಮಗೆ ಮಕ್ಕಳಿಲ್ಲ. ಮೈದುನ ಓಡಾಡಿ ಎಲ್ಲ ನೋಡಿಕೊಂಡ, ಅದನ್ನು ನಾನು ಮರೆತಿಲ್ಲ. ಆಮೇಲೆ ಅವನೇ ಒಂದು ದಾರಿ ಹುಡುಕಿದ. ಪ್ಲೈವುಡ್ ವ್ಯಾಪಾರಿಯೊಬ್ಬರಿಗೆ ಗೋಡೌನ್ ಬೇಕಿತ್ತು. ಶೆಡ್ಡನ್ನು ಅವರಿಗೆ ಬಾಡಿಗೆಗೆ ಕೊಟ್ಟರೆ ನಾನು ಮನೆಯಲ್ಲಿ ಆರಾಮಾಗಿ ಕೂತಿರಬಹುದು.

"ಒಂದು ವರ್ಷ ಕಳೀಲಿ," ಎಂದಿದ್ದೆ ನಾನು. "ವರ್ಷದ ಪುಣ್ಯತಿಥಿ ಆದ್ಮೇಲೆ ಸೈನ್ ಹಾಕ್ತೀನಿ."

"ಮಾತು ಮಾತೇ ತಾನೇ, ಅತ್ತಿಗೆ?"

"ಮಾತು ಮಾತೇ."

ಆ ಒಂದು ವರ್ಷ ಕೈಯಲ್ಲಿದ್ದ ಕೆಲಸ ಮುಗಿಸಲಿ ಎಂದು ಮೇಸ್ತ್ರಿಯನ್ನು ಉಳಿಸಿಕೊಂಡೆ. ಗದಗಿನ ಕಡೆಯವರು, ಇಪ್ಪತ್ತು ವರ್ಷದಿಂದ ನಮ್ಮಲ್ಲಿದ್ದವರು. ಶೆಡ್ಡಿನ ಬೀಗದ ಕೈ ಕೊಡಲು ಹೋದವಳು ಹಾಗೇ ಒಳಗೆ ಹೋದೆ. ವಾಸನೆ ನೇಲ್ ಪಾಲಿಶ್‌ನ ಹಾಗೆ, ಅದರ ಹತ್ತರಷ್ಟು. ತಲೆ ತಿರುಗಿತು. ಮಾರನೆಯ ದಿನ ಮತ್ತೆ ಹೋದೆ.

ಹೀಗಿರುವಾಗ, ಮುಂಗಾರು ಹಿಡಿದ ಹೊಸತರಲ್ಲಿ, ಆ ಹುಡುಗಿ ಬಂದಳು. ಇಪ್ಪತ್ನಾಲ್ಕು ವರ್ಷ. ಮೂಡಲಪಾಳ್ಯದವಳು. ದಾವಣಗೆರೆ ಕಡೆಯಿಂದ ಬಂದು ನೆಲೆಸಿದ ಮನೆತನ, ತಂದೆ ಸರ್ಕಾರಿ ಅಧಿಕಾರಿ. ತಾನು ಶಾಲೆಯೊಂದರಲ್ಲಿ ಪಿ.ಟಿ. ಟೀಚರ್. ದಿನಾ ಬಸ್ಸಿನಲ್ಲಿ ಹೋಗುವಾಗ ನಮ್ಮ "ಫೈಬರ್‌ಗ್ಲಾಸ್ ವರ್ಕ್ಸ್" ಎಂಬ ನಾಮಫಲಕ ನೋಡುತ್ತಿದ್ದಳಂತೆ.

"ಇದೂ ಫೈಬರ್‌ಗ್ಲಾಸೇ, ಆಂಟಿ. ಒಳಗೆ ಫೋಮು, ಮೇಲೆ ಗ್ಲಾಸು. ಬಂಡೆಗೆ ಬಡಿದು ಒಡೆದಿದೆ. ರಿಪೇರಿ ಆಗುತ್ತಾ?"

ಮೇಸ್ತ್ರಿ ಹಲಗೆಯ ಸುತ್ತ ಒಂದು ಸಲ ಸುತ್ತಿದರು. ಸಂತೆಯಲ್ಲಿ ಎಮ್ಮೆ ನೋಡುವವರ ಹಾಗೆ ಬೆನ್ನು ತಟ್ಟಿದರು. "ಅಮ್ಮಾರ, ಇದೇನ್ ದೊಡ್ಡ ಮಾತಲ್ರಿ. ಟಬ್ಬಿಗೆ ತ್ಯಾಪಿ ಹಚ್ಚಿದಂಗ ಹಚ್ಚಿದ್ರ ಆತು."

ಹಾಗೇ ಹಚ್ಚಿದರು. ಆಯಿತು.

ಅವಳಿಂದ ನನಗೆ ಮಿಕ್ಕವರ ಪರಿಚಯವಾಯಿತು. ನಮ್ಮ ಪಶ್ಚಿಮ ಬೆಂಗಳೂರಿನಲ್ಲಿ ಅಲೆ ಹತ್ತುವ ಜನ ಒಂದು ಹತ್ತು ಹನ್ನೆರಡು ಇದ್ದರು. ಬಸವೇಶ್ವರನಗರದ ಬ್ಯಾಂಕ್ ಕ್ಲರ್ಕ್ ಒಬ್ಬ. ಕೆಂಗೇರಿಯಲ್ಲಿ ರೂಮು ಮಾಡಿಕೊಂಡಿದ್ದ ಕೊರಿಯರ್‌ನವನು ಒಬ್ಬ. ಹಲ್ಲಿನ ಡಾಕ್ಟರಿಕೆ ಓದುತ್ತಿದ್ದವನು, ಮದುವೆ ಫೋಟೋ ತೆಗೆಯುತ್ತಿದ್ದವನು. ಶುಕ್ರವಾರ ಸಂಜೆ ಮಂಗಳೂರಿನ ಬಸ್ಸಿನ ಟಾಪಿಗೆ ಹಲಗೆ ಕಟ್ಟುವುದು, ಶನಿವಾರ ಭಾನುವಾರ ಉಪ್ಪುನೀರು ಕುಡಿಯುವುದು, ಸೋಮವಾರ ಕಿವಿಯಿಂದ ಮರಳು ಉದುರಿಸುತ್ತ ಕೆಲಸಕ್ಕೆ ಹೋಗುವುದು. ವಾರದ ಮಧ್ಯೆ ಚಂದ್ರಾ ಲೇಔಟಿನ ಪಾರ್ಕಿನಲ್ಲಿ ಒಂದು ಪಿ.ವಿ.ಸಿ. ಪೈಪಿನ ತುಂಡಿನ ಮೇಲೆ ಪ್ಲೈವುಡ್ ಪಟ್ಟಿ ಇಟ್ಟು, ಅದರ ಮೇಲೆ ಓಲಾಡುತ್ತ ಬ್ಯಾಲೆನ್ಸ್ ಕಲಿಯುತ್ತಿದ್ದರು. ವಾಕಿಂಗ್ ಬರುವ ಹಿರಿಯರು ನಿಂತು ನೋಡಿ, "ಸರ್ಕಸ್‌ಗೆ ಸೇರ್ತೀರೇನಪ್ಪಾ?" ಎನ್ನುತ್ತಿದ್ದರು.

"ಸೇರಿಸ್ಕೊಂಡ್ರೆ ಸೇರ್ತೀವಿ ಅಂಕಲ್, ಬ್ಯಾಂಕಿಗಿಂತ ವಾಸಿ," ಎಂದಿದ್ದ ಕ್ಲರ್ಕು.

"ಮಚ್ಚಾ, ಮಾತು ಸಾಕು, ಮಂಡಿ ಬಗ್ಸು," ಎಂದು ಕೊರಿಯರ್‌ನವನು ಬೈಯುವುದಕ್ಕೂ ಕ್ಲರ್ಕು ಹುಲ್ಲಿನ ಮೇಲೆ ಬೀಳುವುದಕ್ಕೂ ಸರಿಹೋಗಿತ್ತು.

ಅವರೆಲ್ಲರಿಗೂ ಅದು ವಾರದ ಕೊನೆಯ ಹುಚ್ಚು. ಹುಡುಗಿಗೆ ಮಾತ್ರ ಹಾಗಲ್ಲ. ಕರಾವಳಿಯಲ್ಲಿ ಅವಳಿಗೆ ಕಲಿಸಿದ್ದ ಮಾಸ್ಟರ್ ಒಬ್ಬರಿದ್ದರು. ಅವರು, "ದಸರಾ ಕಳೆದ ಮೇಲೆ ಸೀಸನ್ ಶುರು. ನಿನ್ನದೇ ಬೋರ್ಡ್ ತಗೊಂಡು ಬಾ, ಹೊಸಬರಿಗೆ ಕಲಿಸುವ ಕೆಲಸ ಕೊಡುತ್ತೇನೆ," ಎಂದಿದ್ದರು. ಹೆಣ್ಣುಮಕ್ಕಳಿಗೆ ಕಲಿಸಲು ಹೆಣ್ಣು ಟೀಚರ್ ಅವರಲ್ಲಿ ಆಗ ಇರಲಿಲ್ಲ. ಅವಳ ತಂದೆ, "ಮೊದಲು ಸ್ಕೂಲಲ್ಲಿ ಪರ್ಮನೆಂಟ್ ಆಗು, ಆಮೇಲೆ ಮುಳುಗು," ಎಂದಿದ್ದರು. ಅವಳು ರಾಜೀನಾಮೆ ಬರೆದಿದ್ದಳು. ಬರೆದದ್ದನ್ನು ತಿದ್ದಿಕೊಟ್ಟವಳು ನಾನೇ. "ಐ ಬೆಗ್ ಟು" ಎನ್ನುವುದನ್ನು ಹೊಡೆದುಹಾಕಿದೆ. ಬೆಗ್ ಮಾಡುವಂಥದ್ದೇನಿತ್ತು?

ಮಳೆಗಾಲದಲ್ಲಿ ಸಮುದ್ರ ಹುಚ್ಚೆದ್ದಿರುತ್ತದೆ, ಆಗ ಯಾರೂ ಇಳಿಯುವುದಿಲ್ಲ, ಎಲ್ಲರೂ ಒಡೆದ ಹಲಗೆ ತಂದು ನಮ್ಮಲ್ಲಿ ಹಾಕಿದರು. ಮೇಸ್ತ್ರಿ ತೇಪೆ ಹಚ್ಚುತ್ತಾರೆ, ನಾನು ಉಜ್ಜು ಕಾಗದ ಹಿಡಿದು ತಿಕ್ಕುತ್ತೇನೆ. ಗಾಜಿನ ನಾರು ಚುಚ್ಚಿ ಮೊಣಕೈವರೆಗೂ ಕೆರೆತ. ಕೊಬ್ಬರಿ ಎಣ್ಣೆ ಸವರಿಕೊಂಡು ಮಾಡಬೇಕು ಎಂದು ಮೇಸ್ತ್ರಿ ಹೇಳಿಕೊಟ್ಟರು. ನಾಲ್ಕು ಹಲಗೆ ನೆಟ್ಟಗಾದವು. ಐದನೆಯದು ಬರುವ ಹೊತ್ತಿಗೆ ನಾನು ಎಕ್ಸ್‌ಪರ್ಟ್ ಆಗಿಬಿಟ್ಟಿದ್ದೆ. ಅಂದರೆ, ಹಾಗೆಂದು ತಿಳಿದಿದ್ದೆ.

ಐದನೆಯದು ಹುಡುಗಿಯ ಸ್ವಂತ ಹೊಸ ಬೋರ್ಡು. ಮೊದಲು ತಂದ ಹಳದಿ ಹಲಗೆ ಯಾರೋ ವಿದೇಶಿ ಬಿಟ್ಟುಹೋದದ್ದು, ಎಲ್ಲರಿಗೂ ಸೇರಿದ್ದು. ಇದು ಅವಳದೇ. ಬಿಳಿ, ಹಗುರ, ಎರಡು ಕೈಯಲ್ಲಿ ಎತ್ತಿದರೆ ಪುಕ್ಕದ ಹಾಗೆ. ಸಣ್ಣ ಬಿರುಕು ಒಂದಿತ್ತು, ಬಸ್ಸಿನ ಟಾಪಿನಲ್ಲಿ ಹಗ್ಗ ಬಿಗಿದು ಆದದ್ದು. ಬಿರುಕಿನ ಒಳಗೆ ಬಿಳಿ ಮಣಿಗಳು ಕಾಣುತ್ತಿದ್ದವು.

ಮೇಸ್ತ್ರಿ ಉಗುರಿನಿಂದ ಕೆರೆದು ನೋಡಿದರು. "ಅಮ್ಮಾರ, ಇದರ ಹೊಟ್ಟಿ ಬ್ಯಾರೆ ಐತ್ರಿ. ಅವು ಹಳದಿ ಇದ್ವು, ಇದು ಬೆಳ್ಳಗೈತಿ. ಒಂದ್ ಚೂರಿನ ಮ್ಯಾಲೆ ಟೆಸ್ಟ್ ಮಾಡೋಣೇನ್ರಿ?"

"ಅದೂ ಬೋರ್ಡೇ, ಇದೂ ಬೋರ್ಡೇ," ಎಂದೆ ನಾನು. "ಹಳೇದಾದ್ರೆ ಹಳದಿ ಆಗುತ್ತೆ, ಹೊಸದು ಬೆಳ್ಳಗಿರುತ್ತೆ. ಹಾಕಿ."

ಆ "ಹಾಕಿ" ಎನ್ನುವ ಮಾತು ಈಗಲೂ ಕಿವಿಯಲ್ಲಿದೆ.

ಅವರು ಬಿರುಕನ್ನು ಅಗಲ ಮಾಡಿ ನಮ್ಮ ಮಾಮೂಲು ರೆಜಿನ್ ಸುರಿದರು. ಒಂದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಅದು ಕೆಳಗಿಳಿಯಿತು. ಇನ್ನೂ ಇಳಿಯಿತು. ಬಿಸಿ ಹಾಲಿಗೆ ಬಿದ್ದ ಸಕ್ಕರೆಯಂತೆ ಒಳಗಿನ ಫೋಮು ಕರಗುತ್ತಿತ್ತು. ಚರ್ ಚರ್ ಎಂಬ ಸಣ್ಣ ಸದ್ದು. ಒರೆಸಲು ಹೋದ ಬಟ್ಟೆ ಅಂಟಿಕೊಂಡಿತು. ಮೇಲಿನ ಗಾಜಿನ ಪದರ ನೆಟ್ಟಗೇ ಇತ್ತು, ಒಳಗೆ ಮಾತ್ರ ಹಿಟ್ಟು ಕಲಸುವ ಬೋಗುಣಿಯಷ್ಟು ದೊಡ್ಡ ಟೊಳ್ಳು. ಅದು ಥರ್ಮಾಕೋಲ್. ನಮ್ಮ ಟಬ್ಬಿನ ರೆಜಿನ್ನಿಗೆ ಥರ್ಮಾಕೋಲ್ ಕರಗುತ್ತದೆ. ಅದಕ್ಕೆ ಎಪಾಕ್ಸಿ ಎಂಬ ಬೇರೆ ಅಂಟೇ ಬೇಕು. ಹಲಗೆಯ ಜನರಿಗೆ ರೆಜಿನ್ ತಿಳಿಯದು, ರೆಜಿನ್ನಿನ ಜನರಿಗೆ ಹಲಗೆ ತಿಳಿಯದು. ಎರಡರ ನಡುವೆ ಕೂತು ಎರಡೂ ತಿಳಿದವಳಂತೆ ಮಾತಾಡಿದ್ದು ನಾನು.

ಸಂಜೆ ಹುಡುಗಿ ಬಂದಳು. ಮೇಸ್ತ್ರಿ ಬಾಯಿ ತೆರೆಯುವ ಮೊದಲೇ ನಾನು, "ತಪ್ಪು ನನ್ನದು. ಅವರು ಟೆಸ್ಟ್ ಮಾಡೋಣ ಅಂದ್ರು, ನಾನು ಬೇಡ ಅಂದೆ," ಎಂದೆ.

ಅವಳು ಟೊಳ್ಳಿನೊಳಗೆ ಕೈ ಇಟ್ಟಳು. ಮೊಣಕೈವರೆಗೂ ಹೋಯಿತು. ಬೈದಿದ್ದರೆ ಸಮಾಧಾನವಾಗುತ್ತಿತ್ತು.

"ಸ್ಕೂಲಲ್ಲಿ ಲೆಟರ್ ಕೊಟ್ಟಾಯ್ತು ಆಂಟಿ," ಎಂದಳು, ಅಷ್ಟೇ. ಕೈ ಹೊರಗೆ ತೆಗೆದು, "ದಸರಾಗೆ ಐದು ವಾರ ಇದೆ," ಎಂದಳು.

ಸುದ್ದಿ ಮೈದುನನಿಗೆ ಹೇಗೆ ತಲುಪಿತೋ, ಭಾನುವಾರ ಮನೆಗೆ ಬಂದ. ಕಾಫಿ ಲೋಟ ಕೆಳಗಿಟ್ಟು, ಬಹಳ ಮೃದುವಾಗಿ ಶುರುಮಾಡಿದ.

"ಅತ್ತಿಗೆ, ಸಮುದ್ರ ಎಲ್ಲಿ, ನಾಯಂಡಹಳ್ಳಿ ಎಲ್ಲಿ? ಅಲ್ಲಿರೋದು ವೃಷಭಾವತಿ ಮೋರಿ. ಅದರ ಮೇಲೆ ಹಲಗೆ ಬಿಡ್ತೀರಾ?"

"ಆ ವಾಸನೆಗೆ ಹಲಗೇನೇ ಎದ್ದು ಓಡುತ್ತೆ," ಎಂದೆ. ಅವನಿಗೆ ನಗು ಬಂದರೂ ನಗಲಿಲ್ಲ.

"ಅಣ್ಣ ಇದ್ದಿದ್ರೆ ಇದಕ್ಕೆಲ್ಲ ಒಪ್ತಿದ್ರಾ? ನಿಮ್ಮ ಕೈ ನೋಡ್ಕೊಳ್ಳಿ, ಹೇಗಾಗಿದೆ. ಯಾರದ್ದೋ ಮಗಳ ಕೆಲಸಕ್ಕೆ ಕಲ್ಲು ಹಾಕಿದ್ರಿ. ಇನ್ನಾದ್ರೂ ಬಾಗಿಲು ಹಾಕಿ."

ಕಲ್ಲು ಹಾಕಿದ ಮಾತು ನಿಜ. ನಿಜವಾದ್ದರಿಂದಲೇ ಚುಚ್ಚಿತು. ನಾನು ಕೈ ನೋಡಿಕೊಂಡೆ. ಉಗುರಿನ ಸಂದಿಯಲ್ಲಿ ರೆಜಿನ್ ಗಟ್ಟಿಯಾಗಿ ಕೂತಿತ್ತು. ಅರವತ್ತಮೂರು ವರ್ಷದಲ್ಲಿ ನನ್ನ ಕೈ ಒಂದು ಕೆಲಸದ ಗುರುತು ಹೊತ್ತದ್ದು ಅದೇ ಮೊದಲು. ಬಾಗಿಲು ಹಾಕಬಹುದಿತ್ತು. ಹಾಕಿದರೆ ಆ ಟೊಳ್ಳು ಹಲಗೆಯೇ ನಾನು ಮಾಡಿದ ಕೊನೆಯ ಕೆಲಸವಾಗಿ ಉಳಿಯುತ್ತಿತ್ತು. ಅದಂತೂ ಆಗಕೂಡದು ಎನಿಸಿತು.

ಸೋಮವಾರ ಮೇಸ್ತ್ರಿಗೆ ಹೇಳಿದೆ, "ಹೊಸದೊಂದು ಮಾಡೋಣ. ಪೂರ್ತಿ. ಇಲ್ಲೇ."

ಅವರು ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಮತ್ತೆ ಸುತ್ತಿಕೊಂಡರು. "ಅಚ್ಚು ಇಲ್ಲಲ್ರಿ, ಅಮ್ಮಾರ."

"ಅಚ್ಚು ನನಗೆ ಬಿಡಿ."

ಕಾನ್ವೆಂಟಿನಲ್ಲಿ ನಮಗೆ ವಾರಕ್ಕೆರಡು ದಿನ ನೀಡಲ್‌ವರ್ಕ್ ಇತ್ತು. ಸಿಸ್ಟರ್ ಬಟ್ಟೆ ಮುಟ್ಟಲು ಬಿಡುತ್ತಿರಲಿಲ್ಲ. ಮೊದಲು ಬ್ರೌನ್ ಪೇಪರ್. ಅದನ್ನು ಉದ್ದಕ್ಕೆ ಮಡಿಚಿ, ಅರ್ಧ ಮಾತ್ರ ಬರೆದು, ಅರ್ಧ ಮಾತ್ರ ಕತ್ತರಿಸಬೇಕು. "ಫೋಲ್ಡ್ ಫಸ್ಟ್, ಗರ್ಲ್ಸ್. ದೆನ್ ಕಟ್." ಬಿಡಿಸಿದರೆ ಎರಡು ಪಕ್ಕವೂ ಒಂದೇ. ಎರಡೂ ಪಕ್ಕ ಬೇರೆ ಬೇರೆ ಬರೆಯಲು ಹೋದವಳ ರವಿಕೆ ಜನ್ಮದಲ್ಲಿ ನೆಟ್ಟಗೆ ಕೂರದು. ನಾನು ಆ ಕರಗಿದ ಹಲಗೆಯನ್ನು ನೆಲದ ಮೇಲೆ ಮಲಗಿಸಿ, ಮಧ್ಯೆ ದಾರ ಎಳೆದು, ಒಂದೇ ಪಕ್ಕದ ಅಳತೆಯನ್ನು ಬ್ರೌನ್ ಪೇಪರಿಗೆ ಇಳಿಸಿದೆ. ಹುಡುಗಿ ಮಂಡಿಯೂರಿ ಪಕ್ಕದಲ್ಲಿ ಕೂತಿದ್ದಳು.

"ಬೋರ್ಡ್ ಮಾಡೋರು ಹೀಗೇ ಮಾಡ್ತಾರಂತೆ ಆಂಟಿ, ಅರ್ಧ ಟೆಂಪ್ಲೇಟು, ತಿರುಗಿಸಿ ಇಡೋದು. ಮಾಸ್ಟರ್ ಹೇಳಿದ್ರು. ನಿಮಗೆ ಹೇಗೆ ಗೊತ್ತು?"

"ರವಿಕೆ ಹೊಲೀತಿದ್ದೆ ಕಣೇ."

ಥರ್ಮಾಕೋಲ್ ಕತ್ತರಿಸಲು ಮೂಡಲಪಾಳ್ಯದಲ್ಲಿ ಒಬ್ಬ ಇದ್ದ. ಮದುವೆ ಛತ್ರದ ಸ್ಟೇಜಿಗೆ ಹುಡುಗ ಹುಡುಗಿಯ ಹೆಸರು ಕತ್ತರಿಸಿಕೊಡುವವನು. ಬಿಲ್ಲಿಗೆ ಕಟ್ಟಿದಂತೆ ಒಂದು ತಂತಿ, ಅದಕ್ಕೆ ಕರೆಂಟು ಕೊಟ್ಟರೆ ಕಾದು, ಬೆಣ್ಣೆಯಲ್ಲಿ ದಾರ ಎಳೆದ ಹಾಗೆ ಥರ್ಮಾಕೋಲನ್ನು ಸೀಳುತ್ತದೆ. ಕೋಲ್ಡ್ ಸ್ಟೋರೇಜಿನ ಗೋಡೆಗೆ ಹಾಕುವ ಗಟ್ಟಿ ಬ್ಲಾಕನ್ನು ಅವನ ಮುಂದಿಟ್ಟೆವು.

"ಯಾರ ಮದುವೆ ಆಂಟಿ? ಹೆಸರು ಹೇಳಿ."

"ಹೆಸರಿಲ್ಲ. ಮುಂದೆ ಸ್ವಲ್ಪ ಮೇಲಕ್ಕೆ ಬಾಗಿರಬೇಕು, ಹಿಂದೆ ಕಡಿಮೆ. ಇಗೋ ಪೇಪರು."

ಅವನು ಪೇಪರು ನೋಡಿದ, ನನ್ನನ್ನು ನೋಡಿದ, ಹುಡುಗಿಯನ್ನು ನೋಡಿದ. "ಗಂಡು ಬೇಡ, ಬರೀ ಹಲಗೆ ಸಾಕು ಅಂತೀರಾ?"

"ಸದ್ಯಕ್ಕೆ ಅದೇ," ಎಂದಳು ಹುಡುಗಿ.

ಹಲಗೆ ಮುರಿಯದಂತೆ ಥರ್ಮಾಕೋಲಿನ ನಡುವೆ ಉದ್ದಕ್ಕೂ ಒಂದು ಮರದ ಪಟ್ಟಿ ಕೂರಿಸಬೇಕು. ಅದನ್ನು ಮೈಸೂರು ರಸ್ತೆಯ ಟಿಂಬರ್ ಡಿಪೋದವರು ಸೀಳಿಕೊಟ್ಟರು. ಎಪಾಕ್ಸಿ ಅಂಟು ಗ್ರಾನೈಟ್ ಕೆಲಸದವರ ಹತ್ತಿರ ಸಿಕ್ಕಿತು. ಈ ಸಲ ಮೇಸ್ತ್ರಿ ನನ್ನ ಮುಖ ನೋಡಲಿಲ್ಲ, ಕೇಳಲೂ ಇಲ್ಲ. ಒಂದು ತುಂಡು ಥರ್ಮಾಕೋಲನ್ನು ಸ್ಟೂಲಿನ ಮೇಲಿಟ್ಟು, ಅದರ ಮೇಲೆ ಚಮಚದಷ್ಟು ಎಪಾಕ್ಸಿ ಹನಿಸಿ, "ಚಾ ಕುಡೀರಿ," ಎಂದರು. ಮೂವರೂ ಚಹಾ ಹಿಡಿದು ಆ ತುಂಡನ್ನೇ ನೋಡುತ್ತ ಕೂತೆವು. ಹನಿ ಹನಿಯಾಗಿಯೇ ಇತ್ತು. ಇಳಿಯಲಿಲ್ಲ. ಮೇಸ್ತ್ರಿ ಲೋಟ ಕೆಳಗಿಟ್ಟು, "ಈಗ ಹೇಳ್ರಿ, ಹಾಕೋಣೇನ್ರಿ?" ಎಂದರು. ಆ ಮಾತಿನಲ್ಲಿದ್ದ ಕೊಂಕು ನನಗೆ ಸಲ್ಲತಕ್ಕದ್ದೇ.

"ನೀವೇ ಹೇಳಿ," ಎಂದೆ.

ಎರಡು ವಾರ ಉಜ್ಜಿದೆವು, ಬಳಿದೆವು, ಮತ್ತೆ ಉಜ್ಜಿದೆವು. ಕೊನೆಗೆ ಹಲಗೆ ನೇರ ಹೋಗಲೆಂದು ಅದರ ಅಡಿಯಲ್ಲಿ, ಹಿಂಬದಿಗೆ, ಮೀನಿನದರಂಥ ಒಂದು ರೆಕ್ಕೆಯನ್ನು ನಾನೇ ಅಂಟಿಸಿದೆ. ಹಲಗೆ ಚೆಲುವಾಗಿರಲಿಲ್ಲ. ಗ್ರಾನೈಟಿನ ಅಂಟು ಸ್ವಲ್ಪ ಕಂದು ಬಣ್ಣ ಬಿಟ್ಟಿತ್ತು, ಒಂದು ಕಡೆ ನನ್ನ ಹೆಬ್ಬೆರಳಿನ ಗುರುತು ಒಳಗೇ ಉಳಿದುಹೋಗಿತ್ತು. ಸೋರುತ್ತದೆಯೋ ಇಲ್ಲವೋ ನೋಡಬೇಕಿತ್ತು. ಸಮುದ್ರದಲ್ಲಿ ಸೋರಿದರೆ ಅವಳ ಕೆಲಸವೇ ಸೋರಿದ ಹಾಗೆ. ಅದಕ್ಕೇ ನಾವು ಅದನ್ನು ಈಜುಕೊಳದ ಲೇಡೀಸ್ ಬ್ಯಾಚಿಗೆ ಹೊತ್ತುಕೊಂಡು ಹೋದೆವು. ಬೆಳಿಗ್ಗೆ ಹನ್ನೊಂದು ಗಂಟೆ.

ಗೇಟಿನಲ್ಲಿದ್ದ ಹೆಂಗಸು ಸೀಟಿ ಊದಿದಳು. "ಏನ್ರೀ ಇದು, ಬೋಟ್ ತಂದಿದ್ದೀರಾ? ಅಲ್ಲಿ ಬರ್ದಿದೆ ನೋಡಿ, ಟ್ಯೂಬ್‌ಗೇ ಪರ್ಮಿಷನ್ ಇಲ್ಲ."

"ಟ್ಯೂಬ್ ಅಲ್ಲಮ್ಮ. ಲೀಕ್ ಟೆಸ್ಟ್. ಹತ್ತೇ ನಿಮಿಷ."

"ಯಾರು ಇಳೀತಾರೆ?"

ಹುಡುಗಿ ಎನ್ನಬೇಕು ಎಂದುಕೊಂಡಿದ್ದೆ. "ನಾನು," ಎಂದುಬಿಟ್ಟೆ.

ಆ ಹೆಂಗಸು ನನ್ನ ನರೆತ ಜಡೆಯನ್ನು, ಬೋರ್ಡನ್ನು ನೋಡಿ, ಸೀಟಿಯನ್ನು ಬಾಯಿಂದ ಬಿಟ್ಟಳು. "ಹತ್ತೇ ನಿಮಿಷ. ತಲೆಗೆ ಟೋಪಿ ಹಾಕ್ಕೊಳ್ಳಿ ಆಂಟಿ, ರೂಲ್ಸು."

ಜಾಗ್ರಫಿಯಲ್ಲಿ ನಾವು ಸ್ಪ್ರಿಂಗ್ ಟೈಡ್, ನೀಪ್ ಟೈಡ್ ಎಂದು ಬಾಯಿಪಾಠ ಮಾಡಿದ್ದೆವು. ಚಂದ್ರ ಎಲ್ಲಿದ್ದರೆ ನೀರು ಎಷ್ಟು ಏರುತ್ತದೆ ಎಂದು ಚಿತ್ರ ಬರೆದು ಫುಲ್ ಮಾರ್ಕ್ಸ್ ತೆಗೆದುಕೊಂಡಿದ್ದೆ. ಆಮೇಲೆ ಜೀವಮಾನದಲ್ಲಿ ಸಮುದ್ರವನ್ನು ಎರಡು ಸಲ ನೋಡಿದ್ದೆ, ಎರಡು ಸಲವೂ ಸೀರೆ ಕಣಕಾಲಿನವರೆಗೆ ಎತ್ತಿ, ಗಂಡನ ಚಪ್ಪಲಿ ಕಾಯುತ್ತ. ಈಗ ನೈಲಾನ್ ಸಲ್ವಾರ್ ಕಮೀಜು, ಬಿಗಿ ರಬ್ಬರ್ ಟೋಪಿ ಹಾಕಿಕೊಂಡು ನಾಲ್ಕಡಿ ನೀರಿಗೆ ಇಳಿದೆ. ಕಲಿಯಲು ಬಂದಿದ್ದ ಗೃಹಿಣಿಯರೆಲ್ಲ ಕಂಬಿ ಹಿಡಿದು ಸಾಲಾಗಿ ನಿಂತು ನೋಡಿದರು. ಹುಡುಗಿ ಹಲಗೆಯ ಹಿಂಬದಿ ಹಿಡಿದಿದ್ದಳು. ನಾನು ಹೊಟ್ಟೆಯ ಮೇಲೆ ಮಲಗಿದೆ.

"ಕೈ ಹಾಕಿ ಆಂಟಿ. ಪ್ಯಾಡಲ್ ಮಾಡಿ. ತಲೆ ಮೇಲೆ."

ಹಲಗೆ ನನ್ನನ್ನು ಹೊತ್ತಿತು. ಒಂದು ಹಿಡಿ ನೀರು ಹಿಂದಕ್ಕೆ ತಳ್ಳಿದರೆ ಎರಡು ಗೇಣು ಮುಂದೆ. ನಾನು ಮಡಿಚಿ ಕತ್ತರಿಸಿದ ಕಾಗದ ನನ್ನ ಕೆಳಗೆ ತೇಲುತ್ತಿತ್ತು. ಆ ಕೊನೆಯ ಗೋಡೆ ಮುಟ್ಟಿದಾಗ ಯಾರೋ ಚಪ್ಪಾಳೆ ತಟ್ಟಿದರು. ನಾನು ಮುಖ ಒರೆಸಿಕೊಳ್ಳುವ ನೆಪದಲ್ಲಿ ಸ್ವಲ್ಪ ಹೊತ್ತು ಅಲ್ಲೇ ತಿರುಗಿ ನಿಂತೆ. ಕ್ಲೋರಿನ್, ಕಣ್ಣು ಉರಿಯುತ್ತದೆ.

ಹಲಗೆ ಸೋರಲಿಲ್ಲ.

ವಿಜಯದಶಮಿಯ ಮರುದಿನ ಅವಳು ಹೊರಟಳು. ಬಸ್ಸಿನ ಟಾಪಿನಲ್ಲಿ ಹಗ್ಗ ಬಿಗಿಯುವ ಕಡೆಯೆಲ್ಲ ನನ್ನ ಹಳೆಯ ರಜಾಯಿ ಸುತ್ತಿದ್ದೆವು. ಅವಳ ತಂದೆ ಬಸ್‌ಸ್ಟ್ಯಾಂಡಿಗೆ ಬಂದಿದ್ದರು. ಮಗಳೊಡನೆ ಮಾತಾಡಲಿಲ್ಲ, ಗಂಟು ಗಟ್ಟಿಯಿದೆಯೇ ಎಂದು ಕೆಳಗಿನಿಂದ ಎರಡು ಸಲ ಕೇಳಿದರು, ಅಷ್ಟೇ.

ಆಮೇಲೆ ಸುದ್ದಿಯಿಲ್ಲ. ಅವಳ ಮೊಬೈಲು ಸ್ವಿಚ್ ಆಫ್. ಕೊರಿಯರ್‌ನವನು, "ಸಮುದ್ರಕ್ಕೆ ಬೀಳ್ಸಿರ್ತಾಳೆ ಆಂಟಿ, ಎಲ್ರೂ ಒಂದ್ಸಲ ಬೀಳಿಸ್ತೀವಿ," ಎಂದು ಧೈರ್ಯ ಹೇಳಿದ. ಬೋರ್ಡು ಅಲೆಯಲ್ಲಿ ನಿಂತಿತೋ, ಮುರಿಯಿತೋ, ಮಾಸ್ಟರ್ ಅವಳನ್ನು ಇಟ್ಟುಕೊಂಡರೋ, ಏನೂ ತಿಳಿಯಲಿಲ್ಲ. ತಿಳಿಯದೇ ದೀಪಾವಳಿ ಕಳೆಯಿತು, ಪುಣ್ಯತಿಥಿ ಬಂತು.

ಅವತ್ತು ಜಂಗಮರ ಪ್ರಸಾದ ಮುಗಿದು, ನೆಂಟರ ಪಂಕ್ತಿಯೂ ಎದ್ದ ಮೇಲೆ ಪ್ಲೈವುಡ್ಡಿನವರು ಬಂದರು. ಮೈದುನ ಹಾಲ್‌ನಲ್ಲಿದ್ದ ಟೀಪಾಯಿಯ ಮೇಲೆ ಕಾಗದ ಹರಡಿ, ಪೆನ್ನಿನ ಮುಚ್ಚಳ ತೆಗೆದು ನನ್ನ ಕಡೆ ಚಾಚಿದ.

"ಇಲ್ಲಿ, ಅತ್ತಿಗೆ. ಮೂರು ಕಡೆ."

ಓರಗಿತ್ತಿ ಅಡಿಗೆಮನೆ ಬಾಗಿಲಲ್ಲಿ ನಿಂತು, "ಅಕ್ಕ, ಈಜುಕೊಳಕ್ಕೆ ಇಳಿದಿದ್ರಂತೆ, ಹೌದಾ? ಟೋಪಿ ಹಾಕ್ಕೊಂಡು?" ಎಂದಳು.

"ಹೌದು ಕಣೇ. ನೀನೂ ಬಾ, ಲೇಡೀಸ್ ಬ್ಯಾಚ್ ಇದೆ," ಎಂದೆ. ಕಾಗದವನ್ನು ಪೂರ್ತಿ ಓದಿದೆ. ಅದರ ಇಂಗ್ಲಿಷ್ ಬಹಳ ಕೆಟ್ಟದಾಗಿತ್ತು. ಓದಿ, ಮಡಿಚಿ, ಮೈದುನನ ಕೈಗೆ ಕೊಟ್ಟೆ.

"ಸೈನ್ ಹಾಕಲ್ಲ. ಶೆಡ್ ನಾನೇ ನಡೆಸ್ತೀನಿ."

ಪ್ಲೈವುಡ್ಡಿನವರು ತಮ್ಮ ಚಪ್ಪಲಿ ಎಲ್ಲಿದೆ ಎಂದು ಬಾಗಿಲ ಕಡೆ ನೋಡಿದರು.

"ಮಾತು ಕೊಟ್ಟಿದ್ರಿ ಅತ್ತಿಗೆ."

"ಕೊಟ್ಟಿದ್ದೆ. ಆಗ ನಾನು ಶೆಡ್ಡಿನ ಒಳಗೇ ಹೋಗಿರಲಿಲ್ಲ. ನೋಡದೆ ಕೊಟ್ಟ ಮಾತು. ಅದಕ್ಕೆ ಇವರ ಮುಂದೆಯೇ ಕ್ಷಮೆ ಕೇಳ್ತೀನಿ. ಆದ್ರೆ ಸೈನ್ ಹಾಕಲ್ಲ."

"ಆ ಹಲಗೆ ನಿಂತಿತಾ? ಅದನ್ನಾದ್ರೂ ಹೇಳಿ."

"ಗೊತ್ತಿಲ್ಲ."

"ಗೊತ್ತಿಲ್ಲದೇ ಹೀಗೆ ಹಟ ಹಿಡಿದಿದ್ದೀರಾ?"

"ಮುರಿದಿದ್ರೆ ಇನ್ನೊಂದು ಮಾಡ್ತೀನಿ. ಅದೂ ಮುರಿದ್ರೆ ಮತ್ತೊಂದು. ನೀನು ಸೈಕಲ್ ಕಲೀವಾಗ ಎಷ್ಟು ಸಲ ಬಿದ್ದಿದ್ದೆ ಅಂತ ನಿಮ್ಮಣ್ಣ ಹೇಳ್ತಿದ್ರು. ಯಾರೂ ನಿನ್ನ ಸೈಕಲ್ಲನ್ನು ಗೋಡೌನಿಗೆ ಹಾಕಲಿಲ್ಲ."

ಅವನು ಎರಡು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಸಂಕ್ರಾಂತಿಗೆ ಎಳ್ಳು ಬೀರಲು ಓರಗಿತ್ತಿ ಬಂದಳು, ಅವನು ಸ್ಕೂಟರ್ ಮೇಲೆ ಹೊರಗೇ ಕೂತಿದ್ದ. ಅವನ ಮೇಲೆ ನನಗೆ ಕೋಪವಿಲ್ಲ. ಆದರೆ ಅವತ್ತು ನಾನು ಸರಿ ಮಾಡಿದೆನೋ ಇಲ್ಲವೋ ಎಂದು ಒಂದು ದಿನವೂ ಯೋಚಿಸಿಲ್ಲ.

ಪುಣ್ಯತಿಥಿಯ ಮೂರನೆಯ ದಿನ ಬಸ್ಸಿನ ಪಾರ್ಸಲ್ ಆಫೀಸಿನಿಂದ ಶೆಡ್ಡಿಗೆ ಫೋನು ಬಂತು. ಉದ್ದದ ಗಂಟುಗಳು ಬಂದಿವೆ, ಬೇಗ ತಗೊಂಡು ಹೋಗಿ, ಜಾಗ ಇಲ್ಲ ಎಂದು ಗದರಿದರು. ನಾನೂ ಮೇಸ್ತ್ರಿಯೂ ಲಗೇಜ್ ಆಟೋ ಮಾಡಿಕೊಂಡು ಹೋದೆವು. ಐದು ಒಡೆದ ಹಲಗೆಗಳು. ಸುತ್ತಿದ್ದು ನನ್ನ ಹಳೆಯ ರಜಾಯಿ. ಅದರ ಮಡಿಕೆಯಲ್ಲಿ ಒಂದು ಚೀಟಿ.

"ಆಂಟಿ, ಮೊಬೈಲ್ ನೀರುಪಾಲು. ಕೆಲಸ ಸಿಕ್ಕಿದೆ. ನಮ್ಮ ಬೋರ್ಡು ಸ್ವಲ್ಪ ಎಡಕ್ಕೆ ಎಳೆಯುತ್ತೆ. ಹಿಂದಿನ ರೆಕ್ಕೆ ಸೊಟ್ಟಗಿದೆ ಅಂತಾರೆ ಮಾಸ್ಟರ್, ಬೇರೆ ಬೋರ್ಡ್ ತಗೋ ಅಂದ್ರು. ನಾನು ಕಾಲಿಡುವ ಜಾಗ ಬದಲಿಸಿಕೊಂಡೆ, ಬೋರ್ಡು ಬದಲಿಸಲಿಲ್ಲ. ಹನ್ನೊಂದು ಹೆಣ್ಣುಮಕ್ಕಳು ಅದರ ಮೇಲೆ ಎದ್ದು ನಿಂತರು. ಇವು ಮಾಸ್ಟರ್ ಅವರವು, ರಿಪೇರಿಗೆ. ಎರಡರ ಒಳಗಿರೋ ಫೋಮು ಯಾವುದೋ ಗೊತ್ತಿಲ್ಲ, ಮೇಸ್ತ್ರಿಗೆ ಹೇಳಿ."

ಎಡಕ್ಕೆ ಎಳೆಯುತ್ತದೆ. ಕಾಗದ ಮಡಿಚಿಯೇ ಕತ್ತರಿಸಿದ್ದೆ. ರೆಕ್ಕೆ ಅಂಟಿಸುವಾಗ ಕಣ್ಣಳತೆ ನಂಬಿದ್ದೆ. ಅದನ್ನು ನೆನಪಿಟ್ಟುಕೊಂಡೆ.

ಶೆಡ್ಡಿನ ಮುಂದೆ ಇಳಿಸುವಾಗ ವೆಲ್ಡಿಂಗ್‌ನವನು ಈ ಸಲ ಏನೂ ಕೇಳಲಿಲ್ಲ. ಬಂದು ಒಂದು ತುದಿ ಹಿಡಿದ. ಮೇಸ್ತ್ರಿ ಮೊದಲ ಹಲಗೆಯ ಬಿರುಕಿನೊಳಗೆ ಉಗುರು ಹಾಕಿ ಕೆರೆದು, ಬೆರಳ ತುದಿಯನ್ನು ಬೆಳಕಿಗೆ ಹಿಡಿದರು. ಬಿಳಿ ಮಣಿ.

ನಾನು ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತ, "ಸ್ಟೂಲು ಎಲ್ಲಿಟ್ಟಿದ್ದೀರಿ, ಮೇಸ್ತ್ರಿ? ಒಂದು ಚೂರು ಕತ್ತರಿಸಿ ಇಡಿ, ನಾನು ಚಹಾ ಹೇಳ್ತೀನಿ," ಎಂದೆ.